ಅತ್ತೆ ಕಾಯ್ದ ಹಸಿರು ಗೋಳ

ನನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ ನಾನು ಬಾಯಿ ತೆರೆಯುವ ಮೊದಲೇ ನನ್ನ ಗಂಡ ಹೇಳಿಬಿಡುತ್ತಾರೆ: ಮನೇಲಿ ಕೂತು ವಿಡಿಯೋ ಗೇಮ್ ಆಡ್ತಾಳೆ, ಅದಕ್ಕೆ ಸಂಬಳ ಬೇರೆ. ಅವರು ಯಳಂದೂರಿನ ಶಾಲೆಯೊಂದರಲ್ಲಿ ಗಣಿತದ ಮೇಷ್ಟ್ರು. ದಿನವೂ ಕೊಳ್ಳೇಗಾಲದಿಂದ ಬಸ್ಸಿನಲ್ಲಿ ನೇತಾಡಿಕೊಂಡು ಹೋಗಿ ಬರುವವರಿಗೆ ಹೆಂಡತಿ ಫ್ಯಾನಿನ ಕೆಳಗೆ ಕೂತು ಗುಂಡು ಹಾರಿಸುವುದನ್ನು ಕಂಡರೆ ಹೊಟ್ಟೆ ಉರಿಯದೆ ಇರುತ್ತದೆಯೇ? ಆದರೆ ಅದು ನಿಜಕ್ಕೂ ಕೆಲಸ. ಟೀವಿಗೆ ಜೋಡಿಸುವ ಕನ್ಸೋಲ್ ಎಂಬ ಕಪ್ಪು ಡಬ್ಬಿಗೆ ಹೊಸದಾಗಿ ಬರುವ ಆಟಗಳನ್ನು ಆಡಿ ನೋಡಿ, ಯಾವುದರಲ್ಲಿ ಸತ್ವವಿದೆ, ಯಾವುದು ಬರೀ ಬಣ್ಣ ಎಂದು ಕನ್ನಡದಲ್ಲಿ ಬರೆಯಬೇಕು. ಕೊನೆಗೆ ಹತ್ತಕ್ಕೆ ಇಷ್ಟು ಎಂದು ಅಂಕ ಹಾಕಬೇಕು. ಓದುವವರಲ್ಲಿ ಮುಕ್ಕಾಲು ಪಾಲು ಜನ ಆ ಅಂಕವನ್ನಷ್ಟೇ ನೋಡಿ ಹೋಗುತ್ತಾರೆ. ಅವರನ್ನು ನಾನು ಯಾವಾಗಲೂ ಬೈದುಕೊಳ್ಳುತ್ತಿದ್ದೆ.

ಕಳೆದ ಕಾರ್ತಿಕದಲ್ಲಿ ಒಂದು ಆಟವೂ ನಮ್ಮತ್ತೆಯೂ ಒಂದೇ ವಾರದಲ್ಲಿ ನಮ್ಮ ಮನೆಗೆ ಬಂದರು. ಅತ್ತೆ ಎಂದರೆ ಗಂಡನ ತಾಯಿ ಅಲ್ಲ, ನಮ್ಮಪ್ಪನ ಅಕ್ಕ. ಹನೂರಿನ ಆಚೆ ಬಂಡಳ್ಳಿಗೆ ಕೊಟ್ಟ ಹೆಣ್ಣು. ಯಳಂದೂರಿನ ಕಣ್ಣಿನ ಶಿಬಿರದಲ್ಲಿ ಅವಳ ಬಲಗಣ್ಣಿನ ಪೊರೆ ತೆಗೆದಿದ್ದರು. ಮತ್ತೆ ಮತ್ತೆ ತೋರಿಸಲು ಹೋಗಿಬರಲು ಹತ್ತಿರವಾಗಲಿ ಎಂದು ಸ್ವಲ್ಪ ದಿನ ನಮ್ಮಲ್ಲಿ ಇರಿಸಿಕೊಂಡಿದ್ದೆವು. ಹೊಗೆ ಆಗದು, ಧೂಳು ಆಗದು, ಬಗ್ಗಬಾರದು. ಅವಳು ಹಗಲೆಲ್ಲ ಕಪ್ಪು ಕನ್ನಡಕ ಹಾಕಿಕೊಂಡು ನಡುಮನೆಯ ಮಂಚದ ಮೇಲೆ ಕೂತಿರುತ್ತಿದ್ದಳು. ಹೊರಗೆ ಪಕ್ಕದ ಮನೆಯ ಮಗ್ಗ ಕಟಕಟ ಎನ್ನುತ್ತಿತ್ತು. ಆ ಸದ್ದಿಗೆ ಅವಳ ಕಾಲಿನ ಬೆರಳು ತಾಳ ಹಾಕುತ್ತಿತ್ತು.

ಕಣ್ಣು ವಾಸಿಯಾಗಿದೆ, ಆದರೆ ಒಳಗಿನ ಪರದೆಯ ಬಗ್ಗೆ ಸ್ವಲ್ಪ ಅನುಮಾನ ಇದೆ, ದೃಷ್ಟಿ ಎಷ್ಟು ಬರುತ್ತದೋ ನೋಡೋಣ ಎಂದಿದ್ದರು ಡಾಕ್ಟರು. ಅತ್ತೆಯನ್ನು ಕೇಳಿದರೆ ಎಲ್ಲ ಕಾಣುತ್ತದೆ ಎನ್ನುತ್ತಿದ್ದಳು. "ನಿನ್ ಮೂಗಿನ್ ಮ್ಯಾಗ್ಳ ಮಚ್ಚೆನೂ ಕಾಣ್ತದೆ ಕಣವ್ವ" ಎಂದಳು ಒಂದು ದಿನ. ಆ ಮಚ್ಚೆ ನಾನು ಹುಟ್ಟಿದಾಗಿನಿಂದ ಅಲ್ಲೇ ಇದೆ, ಅದನ್ನು ಹೇಳಲು ಕಣ್ಣು ಬೇಕಾಗಿಲ್ಲ. ಅವಳ ಮಾತು ನಂಬುವುದು ಹೇಗೆ? ಕಣ್ಣು ಮಂಜಾದದ್ದನ್ನು ವರ್ಷಗಟ್ಟಲೆ ಯಾರಿಗೂ ಗೊತ್ತಾಗದಂತೆ ಮುಚ್ಚಿಟ್ಟವಳು ಅವಳು. ಹಿಂದೊಮ್ಮೆ ಹನೂರಿನಲ್ಲಿ ಕಣ್ಣು ಪರೀಕ್ಷೆಗೆ ಕರೆದುಕೊಂಡು ಹೋದರೆ, ಸಾಲಿನಲ್ಲಿ ಮುಂದೆ ನಿಂತವರು ಗೋಡೆಯ ಮೇಲಿನ ಅಕ್ಷರ ಓದುವುದನ್ನು ಕೇಳಿ ಬಾಯಿಪಾಠ ಮಾಡಿ, ತನ್ನ ಸರದಿ ಬಂದಾಗ ಗಡಗಡ ಒಪ್ಪಿಸಿ ಮನೆಗೆ ಬಂದಿದ್ದಳು. ಕಣ್ಣಿಗೆ ಮಣ್ಣೆರಚುವುದು ಎಂದರೆ ಇದೇ.

ಗುಟ್ಟು ಬಯಲಾದದ್ದು ಒಂದು ಆನೆಯಿಂದ. ಅತ್ತೆಯ ಹೊಲ ಕಾಡಿನ ಅಂಚಿನಲ್ಲಿದೆ. ಅಲ್ಲಿ ಈಗಲೂ ಅವಳು ಬಿಳಿಜೋಳವನ್ನೇ ಹಾಕಿಸುತ್ತಾಳೆ. ತೆನೆ ಹಾಲುಗಟ್ಟಿದಾಗ ಗಿಣಿಗಳು ಬೀಳುತ್ತವೆ. ಹೊಲದ ನಡುವೆ ಕಂಬಗಳ ಮೇಲೆ ಕಟ್ಟಿದ ಅಟ್ಟಣೆಯಲ್ಲಿ ನಿಂತು, ಕವಣೆಯಲ್ಲಿ ಕಲ್ಲಿಟ್ಟು ಬೀಸಿ ಅವನ್ನು ಓಡಿಸುವುದು ಮದುವೆಯಾಗಿ ಬಂದ ವರ್ಷದಿಂದ ಅವಳದೇ ಕೆಲಸ. ಆಳು ಇಟ್ಟರೂ ಒಪ್ಪುವವಳಲ್ಲ. ಕಣ್ಣಿನ ಆಪರೇಷನ್ನಿನ ಹಿಂದಿನ ವರ್ಷ ಒಂದು ಬೆಳಗ್ಗೆ ಸಲಗವೊಂದು ಬಂದು ಬದುವಿನ ಮೇಲೆ ನಿಂತಿತಂತೆ. ಸುತ್ತಲಿನ ಹೊಲದವರೆಲ್ಲ ಕೂಗಿಕೊಂಡು ಓಡಿದರೆ ಅತ್ತೆ ಅಟ್ಟಣೆಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದಳು. ಆನೆ ಸ್ವಲ್ಪ ಹೊತ್ತು ನಿಂತು ತಾನಾಗಿ ಹೊರಟುಹೋಯಿತು. ಆನೆ ಬಂದರೂ ಅಲ್ಲಾಡದ ಗಟ್ಟಿಗಿತ್ತಿ ಎಂದು ಊರೆಲ್ಲ ಹೊಗಳಿತು. ಅವಳ ಮಗನೊಬ್ಬನಿಗೆ ಮಾತ್ರ ಎದೆ ಧಸಕ್ಕೆಂದಿತು. ಅವ್ವ ಆನೆಯನ್ನು ನೋಡಿಯೇ ಇಲ್ಲ, ಜನ ಕೂಗುತ್ತಿರುವುದು ಗಿಣಿಗಳಿಗೆ ಎಂದುಕೊಂಡಿದ್ದಾಳೆ ಎಂದು ಅವನಿಗೆ ಗೊತ್ತಾಗಿತ್ತು.

ಆ ಮಗ, ಅಂದರೆ ನನ್ನ ಭಾವ, ಹನೂರಿನಲ್ಲಿ ಪಂಪಿನ ಮೋಟಾರು ರಿಪೇರಿ ಅಂಗಡಿ ಇಟ್ಟುಕೊಂಡು ಹೆಂಡತಿ ಮಕ್ಕಳೊಂದಿಗೆ ಬಂಡಳ್ಳಿಯ ಮನೆಯಲ್ಲೇ ಇದ್ದಾನೆ. ಅತ್ತೆಯನ್ನು ನಮ್ಮಲ್ಲಿ ಬಿಟ್ಟುಹೋದ ದಿನ ನನ್ನನ್ನು ಜಗಲಿಗೆ ಕರೆದು ಒಂದು ಮಾತು ಹೇಳಿದ: ದೃಷ್ಟಿ ಸರಿಯಾಗಿ ಬಂದಿದ್ದರೆ ಅವಳು ಹೊಲಕ್ಕೆ ಹೋಗಲಿ, ನಾನು ತಡೆಯುವುದಿಲ್ಲ. ಬಂದಿಲ್ಲದಿದ್ದರೆ ಇನ್ನು ಮೇಲೆ ಆ ಅಟ್ಟಣೆ ಹತ್ತಲು ಬಿಡುವುದಿಲ್ಲ. ಈ ಪೈರು ಕುಯ್ದ ಮೇಲೆ ಬಾಳೆ ಹಾಕುವವರಿಗೆ ಹೊಲ ಗುತ್ತಿಗೆಗೆ ಕೊಟ್ಟುಬಿಡುತ್ತೇನೆ, ಅವರು ಆಗಲೇ ಕೇಳಿದ್ದಾರೆ. "ಅವ್ವ ನಮ್ಗೆ ನಿಜ ಯೋಳಲ್ಲ. ನೀನು ನೋಡಿ ಯೋಳು. ನೀನ್ ಯೋಳಿದ್ದೇ ಕೊನೆ" ಎಂದ.

ಹೀಗೆ ನನಗೆ ಆ ತಿಂಗಳು ಎರಡು ಮೌಲ್ಯಮಾಪನ ಬಂದವು. ಒಂದು ಆಟದ್ದು, ಇನ್ನೊಂದು ಅತ್ತೆಯದು.

ಆಟ ಅಂತರಿಕ್ಷದ್ದು. ನೀವೊಂದು ಪುಟ್ಟ ನೌಕೆ. ನಿಮ್ಮ ಹಿಂದೆ ನಿಂಬೆಹಣ್ಣಿನಷ್ಟು ದೊಡ್ಡದಾಗಿ ಕಾಣುವ ಹಸಿರು ಗೋಳ, ಅಂದರೆ ನಿಮ್ಮ ಲೋಕ. ಸುತ್ತಲೂ ಕತ್ತಲು, ಕತ್ತಲ ತುಂಬ ನಕ್ಷತ್ರ. ಆ ಕತ್ತಲಿನಿಂದ ಶತ್ರುಗಳ ನೌಕೆಗಳು ಹಿಂಡು ಹಿಂಡಾಗಿ ಗೋಳದ ಕಡೆಗೆ ಬರುತ್ತವೆ, ನೀವು ಹೊಡೆದು ಬೀಳಿಸಬೇಕು. ಒಂದೊಂದು ಬಿದ್ದಾಗಲೂ ಮೇಲಿನ ಬಲಮೂಲೆಯಲ್ಲಿ ಪಾಯಿಂಟು ಏರುತ್ತದೆ. ಇಷ್ಟೇ. ಇಂಥ ಆಟಗಳನ್ನು ನಾನು ಆಡಿ ಆಡಿ ನನ್ನ ಹೆಬ್ಬೆರಳು ಜಡ್ಡುಗಟ್ಟಿದೆ. ಇದರಲ್ಲಿ ಚಿತ್ರ ಚೆನ್ನಾಗಿತ್ತು, ಸಂಗೀತ ಸುಮಾರು, ಪರದೆಯ ಮೇಲಿನ ಅಕ್ಷರಗಳು ಇರುವೆ ಸಾಲಿನಷ್ಟು ಸಣ್ಣವು. ಎರಡು ಹಿಂಡುಗಳ ನಡುವೆ ಬೇಡದಷ್ಟು ಬಿಡುವು. ಆ ಬಿಡುವಿನಲ್ಲಿ ಏನೂ ಆಗುವುದಿಲ್ಲ, ನಕ್ಷತ್ರಗಳು ಮೆಲ್ಲಗೆ ಸರಿಯುತ್ತಿರುತ್ತವೆ. ಹಳೇ ಸೀರೆಗೆ ಹೊಸ ಅಂಚು ಹೊಲಿದಿದ್ದಾರೆ ಎಂದು ಮೊದಲ ಸಾಲು ಬರೆದು, ಹತ್ತಕ್ಕೆ ಐದು ಎಂದು ಮನಸ್ಸಿನಲ್ಲೇ ಹಾಕಿಬಿಟ್ಟೆ.

ಒಂದು ಮಧ್ಯಾಹ್ನ ಒಲೆಯ ಮೇಲಿನ ಹಾಲು ಉಕ್ಕುವ ಸದ್ದು ಕೇಳಿತು. ಕೈಯಲ್ಲಿದ್ದ ಕಂಟ್ರೋಲರನ್ನು ಅತ್ತೆಯ ಮಡಿಲಿಗೆ ಹಾಕಿ, ಇದನ್ನು ಸ್ವಲ್ಪ ಹಿಡಿದಿರು ಎಂದು ಓಡಿದೆ. ಹಾಲು ಇಳಿಸಿ, ಒಲೆ ಒರೆಸಿ ಬಂದು ನೋಡಿದರೆ ಅವಳು ಕಪ್ಪು ಕನ್ನಡಕ ಹಣೆಯ ಮೇಲೆ ಏರಿಸಿಕೊಂಡು, ಎರಡು ಕೈಯಲ್ಲಿ ಅದನ್ನು ಹಿಡಿದು ಕೂತಿದ್ದಳು. ನೌಕೆ ನಕ್ಷತ್ರಗಳ ನಡುವೆ ತೇಲುತ್ತಿತ್ತು. ಪರದೆಯ ನೀಲಿ ಅವಳ ಬಿಳಿಯ ಸೀರೆಯ ಮೇಲೆ ಬಿದ್ದಿತ್ತು.

"ಇಷ್ಟೊಂದು ನೀಲಿ ಎಲ್ಲಿತ್ತವ್ವ?" ಎಂದಳು.

ನಾನು ನಕ್ಕೆ. ಅದಕ್ಕೂ ಮೊದಲು ಶಿಬಿರದವರು ತೋರಿಸಲು ಕರೆದಾಗ ಯಳಂದೂರಿಗೆ ಬಸ್ಸಿನಲ್ಲಿ ಹೋಗುವಾಗಲೂ ಅವಳು ಕಿಟಕಿಯ ಸರಳಿಗೆ ಹಣೆ ಒತ್ತಿಕೊಂಡು ಅದನ್ನೇ ಹೇಳಿದ್ದಳು. ಬಿಳಿಗಿರಿ ಬೆಟ್ಟ ಕಂದು ಬಣ್ಣದ್ದು ಎಂದುಕೊಂಡಿದ್ದೆ, ಅದು ನೀಲಿ, ಗದ್ದೆಯ ನೀರೂ ನೀಲಿ ಎಂದು. ನನ್ನ ಸಮಾಧಾನಕ್ಕೆ ಹೇಳುತ್ತಿದ್ದಾಳೆ ಎಂದುಕೊಂಡೆ. ಸುಳ್ಳು ಹೇಳುವವರು ಹೆಚ್ಚಾಗಿ ಬಣ್ಣಗಳ ಬಗ್ಗೆಯೇ ಮಾತಾಡುತ್ತಾರೆ, ಅಂಚುಗಳ ಬಗ್ಗೆ ಅಲ್ಲ. ಮನೆಯೊಳಗೆ ಅವಳು ಈಗಲೂ ಗೋಡೆಗೆ ಅಂಗೈ ಸವರಿಕೊಂಡೇ ನಡೆಯುತ್ತಿದ್ದಳು. ಲೋಟ ತೆಗೆದುಕೊಳ್ಳುವ ಮೊದಲು ಬೆರಳಿನಿಂದ ಅದರ ಬಾಯಿ ಹುಡುಕುತ್ತಿದ್ದಳು.

ಅಂದಿನಿಂದ ಮಧ್ಯಾಹ್ನದ ಊಟವಾದ ಮೇಲೆ ಅವಳಿಗೆ ಅದು ಬೇಕು. ಯಾವ ಗುಂಡಿ ಯಾವುದಕ್ಕೆ ಎಂದು ತೋರಿಸಿಕೊಟ್ಟೆ. ಎಡಗೈ ಹೆಬ್ಬೆರಳಿಗೆ ನೌಕೆ, ಬಲಗೈ ಹೆಬ್ಬೆರಳಿಗೆ ಗುರಿ, ತೋರುಬೆರಳಿಗೆ ಗುಂಡು. ನನ್ನ ಗಂಡನಿಗೆ ಇಂದಿಗೂ ಬಾರದ್ದು ಅವಳಿಗೆ ಎರಡು ದಿನದಲ್ಲಿ ಬಂತು. ಅದಕ್ಕೆ ಅವರು, ಕಂಟ್ರೋಲರಿನ ಬಟನ್ನೇ ಸರಿಯಿಲ್ಲ ಎಂದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಅತ್ತೆಗೆ ಆಟವನ್ನು ಕಲಿಯುವವರ ಮಟ್ಟಕ್ಕೆ ಇಟ್ಟುಕೊಟ್ಟಿದ್ದೆ. ಆ ಮಟ್ಟದಲ್ಲಿ ಶತ್ರುಗಳು ಗೋಳವನ್ನು ಎಷ್ಟು ಕುಕ್ಕಿದರೂ ಅದು ಒಡೆಯುವುದಿಲ್ಲ, ಆಟ ತಾನಾಗಿ ಮುಂದಿನ ಹಂತಕ್ಕೆ ಹೋಗುತ್ತದೆ.

ಆ ಮಧ್ಯಾಹ್ನಗಳನ್ನು ನೆನೆದರೆ ನನಗೆ ಈಗಲೂ ನಿದ್ದೆ ಬರುತ್ತದೆ, ಒಳ್ಳೆಯ ಅರ್ಥದಲ್ಲಿ. ಬಾಗಿಲಿಗೆ ಹಳೆಯ ಹಸಿರು ಪರದೆ ಎಳೆದಿರುತ್ತಿದ್ದೆವು. ಮಗ್ಗದವರು ಊಟಕ್ಕೆ ಎದ್ದ ಹೊತ್ತು ಬೀದಿಯೆಲ್ಲ ಮೌನ. ಟೀವಿಯ ಸದ್ದನ್ನು ಅತ್ತೆ ಪೂರ್ತಿ ತಗ್ಗಿಸಲು ಹೇಳುತ್ತಿದ್ದಳು. ನಾನು ಚಾಪೆಯ ಮೇಲೆ ಉರುಳಿಕೊಂಡು ನೋಡುತ್ತಿದ್ದರೆ ಸದ್ದಿಲ್ಲದ ನಕ್ಷತ್ರಗಳು ಸೂರಿನವರೆಗೂ ಹಬ್ಬಿದಂತೆ ಕಾಣುತ್ತಿತ್ತು. ಯಾವುದು ಟೀವಿ, ಯಾವುದು ಗೋಡೆ ಎಂದು ಗೊತ್ತಾಗುತ್ತಿರಲಿಲ್ಲ. ಒಮ್ಮೆ ಹಾಗೇ ಕಣ್ಣು ಮುಚ್ಚಿದಾಗ ಬಂಡಳ್ಳಿಯ ಹೊಲ ಕನಸಿನಲ್ಲಿ ಬಂತು. ಜೋಳದ ದಂಟುಗಳ ನಡುವೆ, ತೆನೆಯ ಜಾಗದಲ್ಲಿ, ನಕ್ಷತ್ರಗಳಿದ್ದವು. ನಾನು ಅತ್ತೆಯ ಸೆರಗು ಹಿಡಿದುಕೊಂಡು ಚಿಕ್ಕವಳಾಗಿ ನಿಂತಿದ್ದೆ. ಎಚ್ಚರವಾದಾಗ ಅತ್ತೆ ಇನ್ನೂ ಆಡುತ್ತಲೇ ಇದ್ದಳು. ಎರಡು ಹಿಂಡುಗಳ ನಡುವಿನ ಆ ಬೇಡದ ಬಿಡುವಿನಲ್ಲಿ ನೌಕೆಯನ್ನು ಗೋಳದ ಹತ್ತಿರ ತಂದು ಸುಮ್ಮನೆ ನಿಲ್ಲಿಸಿಕೊಂಡಿದ್ದಳು. ಅವಳ ಮುಖದಲ್ಲಿ ನಾನು ಎಂದೂ ಕಾಣದ ಒಂದು ನೆಮ್ಮದಿ ಇತ್ತು. ಮನಸ್ಸು ತುಂಬಿ ಬಂತು.

ಆದರೆ ಮೂಲೆಯಲ್ಲಿ ಪಾಯಿಂಟು ಸೊನ್ನೆ.

ಮೊದಲ ದಿನ ಸೊನ್ನೆ ಇದ್ದರೆ ಸರಿ, ಹೊಸಬಳು. ಆಮೇಲೂ ಸೊನ್ನೆಯೇ. ನೌಕೆ ನಡೆಸುವುದು ಸಲೀಸಾಗಿ ಬಂದಿತ್ತು, ಗುಂಡು ಹಾರಿಸುತ್ತಿದ್ದಳು, ಆದರೆ ಒಂದು ಶತ್ರುವೂ ಬೀಳುತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡು ಒತ್ತಿದರೂ ಅಪ್ಪಿತಪ್ಪಿ ಒಂದಕ್ಕಾದರೂ ತಾಗುತ್ತದೆ. ದಿನ ಕಳೆದಂತೆ ನನಗೆ ಎದೆ ಭಾರವಾಯಿತು. ಅವಳಿಗೆ ಕಾಣುತ್ತಿಲ್ಲ. ಬೆಳಕು ಕಾಣುತ್ತದೆ, ಬಣ್ಣ ಕಾಣುತ್ತದೆ, ಆದರೆ ಓಡಾಡುವ ವಸ್ತು ಕಾಣುತ್ತಿಲ್ಲ. ಗಿಣಿಯೂ ಕಾಣುವುದಿಲ್ಲ, ಆನೆಯೂ ಕಾಣುವುದಿಲ್ಲ. ಅದನ್ನು ಭಾವನಿಗೆ ಹೇಳಬೇಕಾದವಳು ನಾನು. ಹೇಳಿದ ದಿನದಿಂದ ಅವಳಿಗೆ ಹೊಲವಿಲ್ಲ. ಹೇಳದೆ ಇದ್ದು ನಾಳೆ ಇನ್ನೊಂದು ಸಲಗ ಬಂದರೆ? ರಾತ್ರಿ ಊಟಕ್ಕೆ ಕೂತಾಗ ಗಂಡನ ಮೇಲೆ ಸುಮ್ಮಸುಮ್ಮನೆ ರೇಗಿದೆ. ಪಾಪ, ಅವರು ಉಪ್ಪಿನಕಾಯಿ ಕೇಳಿದ್ದರು ಅಷ್ಟೇ.

ಅತ್ತೆ ಮಾತ್ರ ಊರಿಗೆ ಹೊರಡುವ ಮಾತೇ ಆಡುತ್ತಿದ್ದಳು. ತೆನೆ ಹಾಲುಗಟ್ಟುವ ಹೊತ್ತು, ಪಕ್ಕದ ಊರು ಶಾಗ್ಯದ ಕಡೆಯಿಂದ ಗಿಣಿಗಳು ಇಷ್ಟರಲ್ಲಿ ಬಂದಿರುತ್ತವೆ, ಸೊಸೆ ತಗಡು ಬಡಿದರೆ ಅವು ಕೇಳುವುದಿಲ್ಲ ಎಂದು. ಗುತ್ತಿಗೆಯ ವಿಷಯ ಅವಳಿಗೆ ಗೊತ್ತಿತ್ತೋ ಇಲ್ಲವೋ, ಬಾಯಿಬಿಟ್ಟು ಕೇಳಲಿಲ್ಲ.

ಭಾನುವಾರ ಭಾವ ಬಂದ. ನಾನು ಏನಾದರೂ ಹೇಳುವ ಮೊದಲು ಅತ್ತೆಯೇ ಸಡಗರದಿಂದ ಕಂಟ್ರೋಲರ್ ಕೈಗೆತ್ತಿಕೊಂಡಳು. ಮಗನಿಗೆ ತೋರಿಸಬೇಕಲ್ಲ. ಅವನು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ನೋಡಿದ. ಮೂರು ಹಿಂಡು ಬಂದವು, ಹೋದವು. ಅವನು ಮೂಲೆಯ ಅಂಕಿ ಏನೆಂದು ನನ್ನನ್ನು ಕೇಳಿದ, ಹೇಳಿದೆ. ಅವನ ಮುಖ ಬಾಡಿತು. ಎದ್ದು ಅಡುಗೆಮನೆಗೆ ಬಂದು ನೀರು ಕುಡಿದು, ಚೆಂಬನ್ನು ಕೈಯಲ್ಲೇ ಹಿಡಿದುಕೊಂಡು ನಿಂತ.

"ಬುಡು, ಗೊತ್ತಾಯ್ತು" ಎಂದ. "ಬಾಳೆಯವ್ರಿಗೆ ಹೂಂ ಅಂದ್ಬುಡ್ತೀನಿ."

ನಾನು ತಲೆ ಆಡಿಸಿದೆ. ಇಬ್ಬರ ಕಣ್ಣಲ್ಲೂ ನೀರಿತ್ತು. ಒಳಗೆ ಅತ್ತೆ, ಇನ್ನೊಂದು ಆಟ ನೋಡುತ್ತೀಯಾ ಎಂದು ಮಗನನ್ನು ಕೇಳುತ್ತಿದ್ದಳು.

ಊಟವಾಯಿತು. ಅತ್ತೆ ಮಂಚದ ಮೇಲೆ ಗೋಡೆಯ ಕಡೆಗೆ ತಿರುಗಿ ಮಲಗಿದಳು. ಭಾವನ ಬಸ್ಸಿಗೆ ಇನ್ನೂ ಹೊತ್ತಿತ್ತು, ಅವನೂ ಚಾಪೆಯ ಮೇಲೆ ಅಡ್ಡಾದ. ನನಗೆ ಸಂಪಾದಕರಿಂದ ಫೋನು: ಬರಹ ಎಲ್ಲಿ, ಜೊತೆಗೆ ಆಟದ ನಾಲ್ಕು ಚಿತ್ರ ಎಲ್ಲಿ ಎಂದು. ಚಿತ್ರ ಬೇಕಾದಾಗ ಹೀಗೆ ಮಾಡುತ್ತೇನೆ: ಕನ್ಸೋಲ್ ತಾನೇ ಆಟವನ್ನು ದಾಖಲು ಮಾಡಿಕೊಂಡಿರುತ್ತದೆ, ಅದನ್ನು ನಿಧಾನವಾಗಿ ಓಡಿಸಿ, ಚೆನ್ನಾಗಿರುವ ಕಡೆ ನಿಲ್ಲಿಸಿ ತೆಗೆದುಕೊಳ್ಳುತ್ತೇನೆ. ಅಂದು ಅದರಲ್ಲಿ ಇದ್ದದ್ದು ಅತ್ತೆ ಆಡಿದ ಆಟ. ಮನಸ್ಸಿಲ್ಲದ ಮನಸ್ಸಿನಿಂದ ಅದನ್ನೇ ಓಡಿಸಿದೆ.

ನಿಧಾನವಾದಾಗ ಎಲ್ಲವೂ ನೀರಿನೊಳಗೆ ನಡೆದಂತೆ ಕಾಣುತ್ತದೆ. ಎಡಗಡೆಯ ಕತ್ತಲಿನಿಂದ ಒಂದು ಹಿಂಡು ಬಂತು. ಅತ್ತೆಯ ಗುಂಡು ಹೊರಟಿತು. ಹಿಂಡಿಗೆ ತಾಗದೆ, ಹಿಂಡಿನ ಆಚೆ ಬದಿಯಲ್ಲಿ, ಕೊನೆಯ ನೌಕೆಯ ಪಕ್ಕದಲ್ಲೇ ಹಾದುಹೋಯಿತು. ಇನ್ನೊಂದು ಗುಂಡು, ಅದರ ಹಿಂದೆಯೇ. ಆ ಕೊನೆಯ ನೌಕೆ ಬೆದರಿ ತಿರುಗಿತು. ಅದನ್ನು ನೋಡಿ ಪಕ್ಕದ್ದು ತಿರುಗಿತು. ಇಡೀ ಹಿಂಡು ಗಾಳಿಗೆ ಸಿಕ್ಕ ಸೆರಗಿನ ಹಾಗೆ ಮಡಿಚಿಕೊಂಡು ಬಂದ ದಾರಿಯಲ್ಲೇ ಕತ್ತಲಿಗೆ ಹೋಯಿತು. ಬಲಗಡೆಯಿಂದ ಮತ್ತೊಂದು ಹಿಂಡು. ಗುಂಡು ಈ ಸಲವೂ ಹಿಂಡಿನ ಹೊರ ಅಂಚಿನ ಪಕ್ಕದಲ್ಲೇ, ಹಿಂದಿನ ಸಲದಷ್ಟೇ ದೂರದಲ್ಲಿ ಹೋಯಿತು. ಕಾಣದವರು ಹೀಗೆ ತಪ್ಪುವುದಿಲ್ಲ. ಕಾಣದವರ ತಪ್ಪು ದಿಕ್ಕಾಪಾಲಾಗಿರುತ್ತದೆ. ಗೋಡೆ ಸವರುವುದು, ಲೋಟದ ಬಾಯಿ ಹುಡುಕುವುದು ಕಣ್ಣು ಮಂಜಾಗಿದ್ದ ಕಾಲದ ಅಭ್ಯಾಸ ಅಷ್ಟೇ.

ಚಿತ್ರವನ್ನು ನಿಲ್ಲಿಸಿ ಪರದೆಯ ಹತ್ತಿರ ಹೋಗಿ ಕೂತೆ. ಮೇಲಿನ ಬಲಮೂಲೆಯಲ್ಲಿ ಸೊನ್ನೆ. ಕೆಳಗಿನ ಎಡಮೂಲೆಯಲ್ಲಿ ಒಂದು ಸಣ್ಣ ಹಸಿರು ಗೆರೆ ಇರುತ್ತದೆ, ಗೋಳಕ್ಕೆ ಎಷ್ಟು ಪೆಟ್ಟು ಬಿದ್ದಿದೆ ಎಂದು ತೋರಿಸುವುದಕ್ಕೆ. ಇಷ್ಟು ವರ್ಷ ನಾನು ಇಂಥ ಆಟಗಳಲ್ಲಿ ಪಾಯಿಂಟಿನ ಮೂಲೆಯನ್ನೇ ನೋಡಿದವಳು. ಕಲಿಯುವವರ ಮಟ್ಟದಲ್ಲಿ ಗೋಳ ಒಡೆಯುವುದಿಲ್ಲವಲ್ಲ ಎಂದು ಆ ಗೆರೆಯ ಕಡೆ ತಿರುಗಿಯೂ ನೋಡಿರಲಿಲ್ಲ. ಆ ಗೆರೆ ತುಂಬಿತ್ತು. ಮೊದಲಿಂದ ಕೊನೆಯವರೆಗೆ ಓಡಿಸಿದೆ, ತುಂಬಿಯೇ ಇತ್ತು. ನಾನು ಅಷ್ಟೊಂದು ಪಾಯಿಂಟು ಗಳಿಸಿದ ದಿನವೂ ಅದು ಅರ್ಧಕ್ಕೆ ಇಳಿದಿರುತ್ತಿತ್ತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ನಾನು ಪ್ರತ್ಯಕ್ಷವನ್ನೇ ಅರ್ಧ ನೋಡಿದ್ದೆ.

ಹಿಂದೆ ಉಸಿರಿನ ಸದ್ದಾಯಿತು. ಭಾವ ಎದ್ದು ಬಂದು ನನ್ನ ಬೆನ್ನ ಹಿಂದೆ ನಿಂತಿದ್ದ. ಇನ್ನೊಮ್ಮೆ ಹಾಕು ಎಂದು ಸನ್ನೆ ಮಾಡಿದ. ಹಾಕಿದೆ. ಗುಂಡು ಆಚೆಯ ಮಗ್ಗುಲಿಗೆ ಹೋಗುವುದನ್ನೂ ಹಿಂಡು ಮಡಿಚಿಕೊಳ್ಳುವುದನ್ನೂ ನೋಡಿದ.

"ಅವ್ವ ವಡೀತಿಲ್ಲ" ಎಂದ. "ಗಿಣಿ ತಿರುಗುಸ್ತಾವ್ಳೆ."

ಅವನಿಗೆ ಅದು ಚೆನ್ನಾಗಿ ಗೊತ್ತು, ಅವನು ಬೆಳೆದದ್ದು ಆ ಅಟ್ಟಣೆಯ ಕೆಳಗೆ. ಅವರ ಮನೆಯ ಕಟ್ಟಳೆ ಅದು. ಕವಣೆಯ ಕಲ್ಲು ಗಿಣಿಗೆ ತಾಗಬಾರದು. ಹಿಂಡಿನ ಆಚೆಗೆ ಬಿದ್ದರೆ ಅವು ಬಂದ ಕಡೆಗೇ ತಿರುಗಿ ಹೋಗುತ್ತವೆ, ನಡುವೆ ಬಿದ್ದರೆ ಚೆದುರಿ ಹೊಲದ ತುಂಬ ಇಳಿಯುತ್ತವೆ. ಅಷ್ಟೇ ಅಲ್ಲ, ತೆನೆ ನಿಂತ ಹೊಲದಲ್ಲಿ ರಕ್ತ ಬೀಳಬಾರದು, ಬಿದ್ದರೆ ರಾಶಿ ಏಳುವುದಿಲ್ಲ ಎಂದು ಅವರಲ್ಲಿ ನಂಬಿಕೆ. ಭಾವ ಚಿಕ್ಕವನಿದ್ದಾಗ ಗುರಿಯಿಟ್ಟು ಒಂದು ಗಿಣಿ ಬೀಳಿಸಿ ಹೆಮ್ಮೆಯಿಂದ ತಂದು ತೋರಿಸಿದ್ದನಂತೆ. ಅತ್ತೆ ಆ ದಿನ ಅವನಿಗೆ ಹೊಡೆದ ಏಟಿನ ಬಗ್ಗೆ ನಮ್ಮ ಮನೆಯಲ್ಲಿ ಈಗಲೂ ಮಾತಾಡುತ್ತಾರೆ. ಈ ಕಥೆ ನನಗೂ ಗೊತ್ತಿತ್ತು. ಆದರೂ ಟೀವಿಯ ಮುಂದೆ ಕೂತ ಕೂಡಲೇ ಇಬ್ಬರಿಗೂ ಅದು ಮರೆತೇಹೋಗಿತ್ತು, ಆಟ ಎಂದರೆ ಹೊಡೆಯುವುದು ಎಂದೇ ನೋಡಿದ್ದೆವು.

ಅತ್ತೆ ನಿದ್ದೆ ಮಾಡಿರಲಿಲ್ಲ. ಗೋಡೆಯ ಕಡೆ ಮುಖ ಮಾಡಿಕೊಂಡೇ ಮಾತಾಡಿದಳು.

"ಓದ್ ವರ್ಸ ಒಂದು ಬಿದ್ದಿತ್ತು ಕಣ್ಲಾ."

ನಾವಿಬ್ಬರೂ ತಿರುಗಿದೆವು. ಅವಳು ಎದ್ದು ಕೂತು, ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಕುಯ್ಲಿನ ದಿನ ದಂಟಿನ ಬುಡದಲ್ಲಿ ಸಿಕ್ಕಿತಂತೆ, ಕತ್ತಿನ ಸುತ್ತ ಕೆಂಪು ಪಟ್ಟಿ ಇದ್ದ ಗಂಡುಗಿಣಿ. ಪಕ್ಕದಲ್ಲೇ ಕಲ್ಲು. ಕಲ್ಲು ತನ್ನದೇ, ಹೊಳೆಯಿಂದ ಆರಿಸಿ ತಂದ ಗುಂಡುಕಲ್ಲು. ಯಾರಿಗೂ ಕಾಣದಂತೆ ಬದುವಿನ ಹತ್ತಿರ ಕೈಯಿಂದಲೇ ಮಣ್ಣು ತೋಡಿ ಮುಚ್ಚಿದಳಂತೆ. ಕೆಲವು ವರ್ಷಗಳಿಂದ ಅವಳಿಗೆ ಗಿಣಿ ಕಾಣುತ್ತಿರಲಿಲ್ಲ, ರೆಕ್ಕೆಯ ಸದ್ದು ಕೇಳಿ ಬೀಸುತ್ತಿದ್ದಳು. ಹಾಗೆ ಬೀಸಿದ್ದರಲ್ಲಿ ಇನ್ನೆಷ್ಟು ಬಿದ್ದವೋ ಎಂದು ಅಂದಿನಿಂದ ಎದೆ ಕುಟುಕುತ್ತಿತ್ತು. ಕವಣೆಯನ್ನು ಮೊಳೆಗೆ ನೇತುಹಾಕಿದಳು. ಆನೆಗೆ ಹೆದರಿ ಆಪರೇಷನ್ನಿಗೆ ಒಪ್ಪಿದ್ದಾಳೆ ಎಂದು ನಾವೆಲ್ಲ ಅಂದುಕೊಂಡಿದ್ದೆವು.

"ವಡಿಯಕ್ಕೆ ಕಣ್ಣು ಬ್ಯಾಡ ಕಣ್ಲಾ, ಸದ್ದಿದ್ರೆ ಸಾಕು" ಎಂದಳು ಮಗನಿಗೆ. "ತಪ್ಸಕ್ಕೆ ಕಣ್ಣು ಬೇಕು. ಅದ್ಕೇ ಕುಯ್ಸ್‌ಕಂಡೆ."

ಭಾವ ಹೋಗಿ ಅವಳ ಕಾಲ ಹತ್ತಿರ ಮಂಚದ ಮೇಲೆ ಕೂತ. ನಾಳೆ ಬೆಳಗ್ಗೆ ಟೆಂಪೋ ತರುತ್ತೇನೆ, ಬಸ್ಸಿನ ಧೂಳು ಬೇಡ ಎಂದ. ಬಾಳೆಯ ಮಾತು ಮತ್ತೆ ಬರಲಿಲ್ಲ. ನನಗೆ ಆಗ ಆದ ಸಂತೋಷಕ್ಕೆ ಏನು ಮಾಡಬೇಕೆಂದು ತೋಚದೆ, ಇಬ್ಬರಿಗೂ ಕಾಫಿ ಮಾಡಲು ಹೋಗಿ ಸಕ್ಕರೆ ಹಾಕುವುದನ್ನೇ ಮರೆತೆ. ಇಬ್ಬರೂ ಕುಡಿದರು.

ಮಂಗಳವಾರದ ಹೊತ್ತಿಗೆ ನಾನು ಬರೆದದ್ದನ್ನೆಲ್ಲ ಅಳಿಸಿ ಹೊಸದಾಗಿ ಬರೆದೆ. ಅದಕ್ಕೆ ಮೊದಲು ಆಟವನ್ನು ಅತ್ತೆಯ ಹಾಗೆ ಆಡಿ ನೋಡಿದೆ. ಕಷ್ಟ. ಬೆರಳು ತಾನಾಗಿ ನಡುವಿಗೆ ಗುರಿ ಇಡುತ್ತದೆ, ಬೇಡವೆಂದರೂ ಬೀಳುತ್ತವೆ. ಹಿಂಡು ಇನ್ನೂ ದೂರ ಇರುವಾಗಲೇ ನೋಡಬೇಕು, ಅದು ಎತ್ತ ವಾಲುತ್ತಿದೆ ಎಂದು ತಿಳಿಯಬೇಕು. ಬಿಡುವು ಬೇಕಾಗಿರುವುದು ಅದಕ್ಕೇ ಎಂದು ಆಗ ಗೊತ್ತಾಯಿತು. ಬೇಡದ್ದು ಎಂದು ನಾನು ಬರೆದಿದ್ದ ಆ ಬಿಡುವೇ ಈ ಆಟದ ಜೀವ. ಎಲ್ಲೋ ಕೂತು ಈ ಆಟ ಮಾಡಿದವರಲ್ಲಿ ಯಾರೋ ಒಬ್ಬರು ಆ ಶತ್ರುಗಳಿಗೆ ಹೆದರಿಕೆ ಎಂಬುದನ್ನು ಕಲಿಸಿ, ಯಾರಾದರೂ ಕಂಡಾರು ಎಂದು ಸುಮ್ಮನಿದ್ದಾರೆ. ಅವರಿಗೆ ಬಂಡಳ್ಳಿಯಲ್ಲಿ ಒಬ್ಬಳು ಕಂಡಳು ಎಂದು ತಿಳಿಸಬೇಕೆನಿಸಿತು. ಬರಹದ ಕೊನೆಯಲ್ಲಿ ಅಂಕ ಹಾಕದೆ ಕಳಿಸಿದೆ. ಸಂಪಾದಕರು ಕೋಪಿಸಿಕೊಂಡು ತಾವೇ ಆರು ಹಾಕಿಕೊಂಡರು.

ಮುಂದಿನ ವಾರ ರಜೆಯ ದಿನ ನೋಡಿಕೊಂಡು ನಾನೂ ನನ್ನವರೂ ಹನೂರಿನಲ್ಲಿ ಬಸ್ಸು ಬದಲಿಸಿ ಬಂಡಳ್ಳಿಗೆ ಹೋದೆವು. ಹೊಲದ ಹತ್ತಿರ ಹೋಗುವಾಗಲೇ ಹಾಲುಜೋಳದ ವಾಸನೆ. ಮಂಜು ಇನ್ನೂ ಪೂರ್ತಿ ಹರಿದಿರಲಿಲ್ಲ, ಬೆಟ್ಟದ ಬುಡ ತೇಲುತ್ತಿದ್ದಂತಿತ್ತು. ಭಾವ ಅಟ್ಟಣೆಗೆ ಹೊಸ ಏಣಿ ಕಟ್ಟಿದ್ದ. ಅತ್ತೆ ಮೇಲೆ ಕೂತಿದ್ದಳು, ಕಪ್ಪು ಕನ್ನಡಕದ ಮೇಲೆ ತಲೆಗೆ ಟವೆಲು ಸುತ್ತಿಕೊಂಡು. ಕವಣೆ ಮಡಿಲಲ್ಲಿತ್ತು. ಊರಿಗೆ ಬಂದು ಇಷ್ಟು ದಿನವಾದರೂ ಅವಳು ಅದನ್ನು ಬೀಸಿರಲಿಲ್ಲ ಎಂದು ಭಾವ ಕೆಳಗೆ ನನಗೆ ಹೇಳಿದ. ಕೈ ತಟ್ಟಿ, ಕೂಗಿ ಓಡಿಸುತ್ತಿದ್ದಳಂತೆ.

ನಾನು ಏಣಿ ಹತ್ತಿ ಅವಳ ಪಕ್ಕ ಕೂತೆ. ಅವಳು ಆಟದ ಬಗ್ಗೆ ಕೇಳಿದಳು.

"ಆ ಅಸ್ರು ಗೋಳನ ಈಗ ಯಾರು ಕಾಯ್ತಾವ್ರೆ?"

ಆಫ್ ಮಾಡಿಟ್ಟು ಬಂದಿದ್ದೇನೆ ಎಂದೆ. ಅವಳಿಗೆ ಅದು ಅಷ್ಟು ಸರಿ ಕಾಣಲಿಲ್ಲ.

ಆಗ ಬಂದವು. ಮೊದಲು ಬರೀ ಸದ್ದು, ಆಮೇಲೆ ಮಂಜಿನಿಂದ ಬಿಡಿಸಿಕೊಂಡು ಹಸಿರು ಚುಕ್ಕೆಗಳು. ಅತ್ತೆ ಎದ್ದು ನಿಂತಳು. ಕನ್ನಡಕವನ್ನು ಹಣೆಗೆ ಏರಿಸಿದಳು. ಕಲ್ಲಿಟ್ಟು ಕವಣೆಯನ್ನು ತಲೆಯ ಮೇಲೆ ಒಮ್ಮೆ, ಮತ್ತೊಮ್ಮೆ ತಿರುಗಿಸಿ, ಹಗ್ಗದ ಒಂದು ತುದಿ ಬಿಟ್ಟಳು. ಕಲ್ಲು ಹಿಂಡಿನ ಆಚೆಗೆ ಹೋಗಿ ಹೊಲದ ಆ ಕೊನೆಯಲ್ಲಿ ದಂಟುಗಳ ನಡುವೆ ಇಳಿಯಿತು. ಗಿಣಿಗಳು ಕೂಗಿಕೊಂಡು ಒಟ್ಟಾಗಿ ತಿರುಗಿ ಶಾಗ್ಯದ ಕಡೆಗೆ ಹೋದವು. ನಾನು ಚಪ್ಪಾಳೆ ತಟ್ಟಿದೆ. ಕೆಳಗೆ ನನ್ನವರೂ ತಟ್ಟಿದರು.

ಅತ್ತೆ ಹೋಗುತ್ತಿದ್ದ ಗಿಣಿಗಳನ್ನು ನೋಡಲಿಲ್ಲ. ಕಲ್ಲು ಬಿದ್ದ ಜಾಗವನ್ನೇ ನೋಡುತ್ತಿದ್ದಳು. ಕವಣೆ ನನ್ನ ಕೈಗೆ ಕೊಟ್ಟು ಮೆಲ್ಲಗೆ ಏಣಿ ಇಳಿದಳು. ಭಾವ ಹಿಂದೆ ಹೋಗಲು ಹೊರಟಾಗ ಬೇಡವೆಂದು ಕೈ ಮಾಡಿದಳು. ಮೇಲಿನಿಂದ ನನಗೆ ಅವಳ ತಲೆಯ ಟವೆಲು ಮಾತ್ರ ಕಾಣುತ್ತಿತ್ತು, ತೆನೆಗಳ ನಡುವೆ ಸರಿದು ಸರಿದು ಹೊಲದ ಆ ಕೊನೆಯವರೆಗೂ ಹೋಯಿತು. ಅಲ್ಲಿ ನಿಂತಿತು. ಬಗ್ಗಬಾರದು ಎಂದು ಡಾಕ್ಟರು ಹೇಳಿದ್ದರು, ಆದರೂ ಟವೆಲು ತೆನೆಗಳ ಕೆಳಗೆ ಮುಳುಗಿತು. ತುಂಬ ಹೊತ್ತು ಕಾಣಲಿಲ್ಲ. ಒಂದೊಂದು ಬುಡವನ್ನೂ ಸರಿಸಿ ನೋಡುತ್ತಿದ್ದಾಳೆಂದು ದಂಟುಗಳು ಅಲ್ಲಾಡುವುದರಿಂದ ಗೊತ್ತಾಗುತ್ತಿತ್ತು.

ಮತ್ತೆ ಟವೆಲು ಮೇಲೆದ್ದು ನಮ್ಮ ಕಡೆ ಬಂತು. ಅವಳು ಏಣಿಯ ಬುಡದಲ್ಲಿ ನಿಂತು ತಲೆಯೆತ್ತಿ ನನ್ನನ್ನು ನೋಡಿದಳು. ಕೈಯಲ್ಲಿ ಆ ಕಲ್ಲಿತ್ತು.

"ಏನೂ ಇಲ್ಲ ಕಣವ್ವ" ಎಂದಳು. ಅಳುತ್ತಿದ್ದಳು. ಆಮೇಲೆ ಕಲ್ಲನ್ನು ಸೆರಗಿನಿಂದ ಒರೆಸಿ ನನ್ನ ಕೈಗೆ ಕೊಟ್ಟು, ಮೇಲೆ ಹತ್ತಲು ಏಣಿಗೆ ಕಾಲಿಟ್ಟಳು.